ಜಗಲಿಯಿಂದ ನೋಡಿ ಮಾಡಿದ ಹೂದೋಟ

ಆರು ವರ್ಷದ ಹಿಂದೆ, ಪುಷ್ಯ ಮಳೆ ಜಡಿ ಹಿಡಿದಿದ್ದ ಒಂದು ಬೆಳಿಗ್ಗೆ, ನಮ್ಮ ಅತ್ತೆ ತುಳಸಿಕಟ್ಟೆಗೆ ಹೂವಿಡಲು ಹೋಗಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಮೊದಲು ಹಾಸಿಗೆ, ಆಮೇಲೆ ವಾಕರ್, ಆಮೇಲೆ ಜಗಲಿಯ ಬೆತ್ತದ ಕುರ್ಚಿ. ಆ ಕುರ್ಚಿಯಲ್ಲಿ ಕೂತು ಅವರು ಒಂದು ದಿನ ಹೇಳಿದರು: “ಇಲ್ಲಿ ಕೂತ್ರೆ ನಿನ್ನ ಗಿಡ ಒಂದೂ ಕಾಣ್ಸಲ್ಲ ಮಾರಾಯ್ತಿ. ಬರೀ ನೀರಿನ ಟ್ಯಾಂಕಿ ಕಾಣ್ಸುತ್ತೆ.”

ನನ್ನ ಹತ್ತಿರ ಆಗ ಐವತ್ತಕ್ಕೂ ಹೆಚ್ಚು ಕುಂಡ ಇದ್ದವು. ಎಲ್ಲ ಬಚ್ಚಲಿನ ಹಿಂದೆ, ಬಾವಿಕಟ್ಟೆಯ ಪಕ್ಕ. ನೀರು ಹಾಕಲು ಹತ್ತಿರ ಆಗುತ್ತದೆ ಎಂದು ಅಲ್ಲಿಟ್ಟಿದ್ದೆ. ಅವತ್ತು ಮಧ್ಯಾಹ್ನ ಅತ್ತೆಯ ಪಕ್ಕ ಮಣೆ ಹಾಕಿಕೊಂಡು ಕೂತು ನೋಡಿದೆ. ಅವರು ಹೇಳಿದ್ದು ನಿಜ. ನೀಲಿ ಟ್ಯಾಂಕಿ, ಬಟ್ಟೆ ಒಣಗಿಸುವ ತಂತಿ, ಅದರಾಚೆ ಮಳೆ. ವರ್ಷದಲ್ಲಿ ನಾಲ್ಕು ತಿಂಗಳು ನಾವು ಜಗಲಿಯಲ್ಲೇ ಕೂರುವವರು. ಆ ನಾಲ್ಕು ತಿಂಗಳು ನೋಡಲು ಏನೂ ಇರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಅಂಗಳವನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸಿದ್ದೇವೆ. ಹೇಗೆ ಮಾಡಿದೆವು, ಯಾವುದು ನಿಂತಿತು, ಯಾವುದು ಕೊಳೆತು ಹೋಯಿತು ಎಂದು ಬರೆಯುತ್ತೇನೆ. ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ತೀರ್ಥಹಳ್ಳಿ, ಸಾಗರದ ಕಡೆಯ ಮನೆಗಳಿಗೂ ಇದು ಹಾಗೇ ಹೊಂದುತ್ತದೆ.

ಗಿಡ ತರುವ ಮೊದಲು ಕೂತು ನೋಡಿ

ಹೂದೋಟ ಮಾಡುತ್ತೇವೆ ಎಂದ ಕೂಡಲೇ ನರ್ಸರಿಗೆ ಹೋಗಬೇಡಿ. ಮನೆಯವರು ದಿನಾ ಎಲ್ಲಿ ಕೂರುತ್ತಾರೆ ಎಂದು ಒಂದು ವಾರ ಗಮನಿಸಿ. ಜಗಲಿಯ ಮೂಲೆಯಾ, ಮೆಟ್ಟಿಲಾ, ಅಡುಗೆಮನೆಯ ಕಿಟಕಿಯಾ. ಬೆಳಗಿನ ಕಾಫಿಗೆ ಒಂದು ಸಲ, ಮಧ್ಯಾಹ್ನ ಮೂರೂವರೆಗೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಅದೇ ಜಾಗದಲ್ಲಿ ನೀವೂ ಕೂತುಕೊಳ್ಳಿ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಗಳದ ಚಿತ್ರ ಬರೆಯಿರಿ. ಎಲ್ಲಿ ಬಿಸಿಲು, ಎಲ್ಲಿ ಹಲಸಿನ ಮರದ ನೆರಳು, ಯಾವುದನ್ನು ಮುಚ್ಚಬೇಕು, ಯಾವುದು ಈಗಲೇ ಚೆನ್ನಾಗಿದೆ ಎಂದು ಗುರುತು ಹಾಕಿ. ನಮ್ಮ ದರೆಯ (ಅಂಗಳದ ಅಂಚಿನ ಕಡಿದಾದ ಮಣ್ಣಿನ ದಂಡೆಯ) ಆಚೆ ಅಡಿಕೆ ತೋಟದ ತುದಿ ಕಾಣುತ್ತದೆ. ಮಂಜು ಅದರ ಮೇಲೆ ಹಾದುಹೋಗುವುದು ಕಾಣುತ್ತದೆ. ಅದಕ್ಕೆ ಅಡ್ಡವಾಗಿ ಏನನ್ನೂ ನೆಡಬಾರದು ಎಂದು ಆ ಚಿತ್ರ ಬರೆಯುವಾಗಲೇ ತೀರ್ಮಾನ ಮಾಡಿದೆ.

ಟ್ಯಾಂಕಿಯನ್ನು ಮುಚ್ಚಲು ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಚೌಕಟ್ಟು ಕಟ್ಟಿ ತೊಂಡೆ ಮತ್ತು ಶಂಖಪುಷ್ಪ ಹಬ್ಬಿಸಿದೆವು. ಎರಡನೇ ವರ್ಷಕ್ಕೆ ಟ್ಯಾಂಕಿ ಪೂರ್ತಿ ಮರೆಯಾಯಿತು. ತೊಂಡೆಕಾಯಿ ಪಲ್ಯಕ್ಕೂ ಆಯಿತು. ಬಟ್ಟೆ ತಂತಿ ಹಿತ್ತಿಲಿಗೆ ಹೋಯಿತು.

ಬಣ್ಣದ ವಿಷಯವೂ ಕೂರುವವರ ಕಣ್ಣಿಗೆ ಸೇರಿದ್ದು. ಅತ್ತೆಗೆ ಎಂಬತ್ತು ದಾಟಿದೆ. ಕೆಂಪು, ಕಡುನೇರಳೆ, ಹಳದಿ, ಬಿಳಿ, ಹೀಗೆ ನಾಲ್ಕು ಡೇರೆ (ಡಾಲಿಯಾ) ಹೂವನ್ನು ಜಗಲಿಯಿಂದ 25 ಅಡಿ ದೂರದ ಕಟ್ಟೆಯ ಮೇಲಿಟ್ಟು, ಯಾವುದು ಕಾಣುತ್ತದೆ ಎಂದು ಕೇಳಿದೆ. ಬಿಳಿ ಮತ್ತು ಹಳದಿ ಮಾತ್ರ ಎಂದರು. ಮೋಡ ಕವಿದ ದಿನ ಕಡುಕೆಂಪು ಹೂವು ನನಗೂ ದೂರದಿಂದ ಕಪ್ಪಾಗಿ ಕಂಡಿತು. ನಮ್ಮ ಮಳೆಗಾಲದಲ್ಲಿ ಬೆಳಕೇ ಕಡಿಮೆ, ಅಲ್ವಾ. ಹಾಗಾಗಿ ದೂರಕ್ಕೆ ಬಿಳಿ, ಹಳದಿ, ತಿಳಿಗುಲಾಬಿ. ಕಡುಬಣ್ಣಗಳು ಮೆಟ್ಟಿಲ ಹತ್ತಿರ, ಕೈಗೆ ಸಿಗುವ ಕಡೆ. ಈ ಒಂದು ಬದಲಾವಣೆಗೆ ಒಂದು ರೂಪಾಯಿ ಖರ್ಚಿಲ್ಲ. ಅಂಗಳದ ಕಳೆಯೇ ಬೇರೆಯಾಗುತ್ತದೆ.

ನೀರಿಗೆ ದಾರಿ ಬಿಟ್ಟ ಮೇಲೆ ಗಿಡಕ್ಕೆ ಜಾಗ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜುಲೈನಲ್ಲಿ ಒಂದೇ ದಿನ 100 ಮಿ.ಮೀ. ಬೀಳುವುದು ಹೊಸದಲ್ಲ. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಮನೆಯ ಮಾಡು (ಛಾವಣಿ) 100 ಚದರ ಮೀಟರ್ ಇದ್ದರೆ ಅಂಥ ಒಂದು ದಿನಕ್ಕೆ ಹೆಂಚಿನಿಂದ ಇಳಿಯುವ ನೀರು 10,000 ಲೀಟರ್. ಆ ನೀರು ನಿಮ್ಮ ಹೂಮಡಿಯ ಮೇಲೆ ಬಿದ್ದರೆ ಮಡಿ ಉಳಿಯುವುದಿಲ್ಲ.

ಮೊದಲ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಅಂಗಳಕ್ಕೆ ಇಳಿಯಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂದು ನೋಡಿ ಅಲ್ಲಲ್ಲಿ ಕೋಲು ನೆಡಿ. ನಾನು ಹನ್ನೊಂದು ಕೋಲು ನೆಟ್ಟಿದ್ದೆ. ಮರುದಿನ ನೋಡಿದರೆ ಅಂಗಳದ ನಕ್ಷೆ ತಾನಾಗಿ ಕಂಡಿತು. ನೀರು ಹರಿಯುವ ಜಾಗ ಚರಂಡಿಗೆ, ನೀರು ನಿಲ್ಲುವ ಮೂಲೆ ನೀರು ಇಷ್ಟಪಡುವ ಗಿಡಕ್ಕೆ, ಉಳಿದದ್ದು ಹೂವಿಗೆ.

ಹೆಂಚಿನ ನೀರು ಬೀಳುವ ಗೆರೆಯಲ್ಲಿ 1 ಅಡಿ ಅಗಲ, 9 ಇಂಚು ಆಳದ ಕಾಲುವೆ ತೋಡಿ, ಅದಕ್ಕೆ 40 ಎಂಎಂ ಜಲ್ಲಿ ತುಂಬಿದೆವು. ಕೆಳಗೆ ತೋಟದ ಕಡೆಗೆ ಇಳಿಜಾರು ಇರಬೇಕು, ಮರೆಯಬೇಡಿ. ಮೊದಲು ಅಲ್ಲಿ ಕೆಸರು ಹಾರಿ ಜಗಲಿಯ ಗೋಡೆಯೆಲ್ಲ ಕೆಂಪಾಗುತ್ತಿತ್ತು. ಈಗ ಸದ್ದು ಮಾತ್ರ ಕೇಳುತ್ತದೆ. ಕಲ್ಲಿನ ಮೇಲೆ ನೀರು ಬೀಳುವ ಸದ್ದು ಕೆಸರಿಗೆ ಬೀಳುವ ಸದ್ದಿಗಿಂತ ಚೆನ್ನ. ಅದೂ ಹೂದೋಟದ ಸುಖದಲ್ಲಿ ಒಂದು.

ಕಾಲುವೆಯ ಹೊರ ಅಂಚಿಗೆ ಜರಿಗಿಡ ಇಟ್ಟೆ. ನೀರು ನಿಲ್ಲುವ ಮೂಲೆಗೆ ಸುರುಳಿ ಸುಗಂಧಿ. ಬಿಳಿ ಹೂ, ಸಂಜೆಗೆ ಪರಿಮಳ, ಕಾಲು ನೀರಲ್ಲಿದ್ದರೂ ಕೊಳೆಯುವುದಿಲ್ಲ. ಗಡ್ಡೆ ಬೇಗ ಹಬ್ಬುತ್ತದೆ. ವರ್ಷಕ್ಕೊಮ್ಮೆ ಅಂಚು ಕಡಿದು ಯಾರಿಗಾದರೂ ಕೊಟ್ಟುಬಿಡಿ.

ಉಳಿದ ಎಲ್ಲಾ ಹೂವಿಗೂ ಏರುಮಡಿ. ನೆಲಕ್ಕಿಂತ 9 ಇಂಚಿನಿಂದ 1 ಅಡಿ ಎತ್ತರ, ಎರಡೂ ಕಡೆಯಿಂದ ಕೈ ಎಟುಕುವಂತೆ 3 ಅಡಿ ಅಗಲ. ಅಂಚಿಗೆ ಹಳೇ ಹೆಂಚನ್ನು ಅರ್ಧ ಹುಗಿದು ನಿಲ್ಲಿಸಿದರೆ ಮಣ್ಣು ಜಾರುವುದಿಲ್ಲ, ನೋಡಲೂ ಚಂದ. ಇದನ್ನು ನಾನು ಕಲಿತದ್ದು ಹನ್ನೆರಡು ಗುಲಾಬಿ ಗಿಡ ಕಳೆದುಕೊಂಡ ಮೇಲೆ. ಪೇಟೆಯಿಂದ ತಂದು ಜೂನ್ ತಿಂಗಳಲ್ಲಿ ನೆಲಕ್ಕೇ ನೆಟ್ಟೆ. ಎಲೆಯಲ್ಲಿ ಕಪ್ಪು ಚುಕ್ಕೆ ಬಂತು, ಎಲೆ ಉದುರಿತು, ಕಿತ್ತು ನೋಡಿದರೆ ಬೇರು ಕೊಳೆತಿತ್ತು. ಗುಲಾಬಿ ಬೇಕೇ ಬೇಕು ಎಂದರೆ ಕುಂಡದಲ್ಲಿಟ್ಟು ಮಳೆಗಾಲ ಪೂರ್ತಿ ಸೂರಿನ ಕೆಳಗಿಡಿ. ದಸರೆ ಕಳೆದ ಮೇಲೆ ಬಿಸಿಲಿಗೆ ತನ್ನಿ.

ಅತ್ತೆಯ ಹೆಜ್ಜೆ ಅಳೆದು ಮಾಡಿದ ದಾರಿ

ಮೆಟ್ಟಿಲಿನಿಂದ ತುಳಸಿಕಟ್ಟೆಗೆ ಇದ್ದದ್ದು ಜಂಬಿಟ್ಟಿಗೆ ಹಾಸಿದ ದಾರಿ. ಜಂಬಿಟ್ಟಿಗೆ ನೀರು ಹೀರುತ್ತದೆ, ಅದಕ್ಕೇ ಅದರ ಮೇಲೆ ಪಾಚಿ ಜಾಸ್ತಿ. ಅತ್ತೆ ಬಿದ್ದದ್ದು ಅಲ್ಲೇ. ಆ ಕಲ್ಲುಗಳನ್ನು ಎತ್ತಿ ಮಡಿಯ ಗೋಡೆಗೆ ಬಳಸಿದೆವು. ದಾರಿಗೆ ಮೇಲ್ಮೈ ಒರಟಾಗಿರುವ ಕರಿಕಲ್ಲಿನ ಚಪ್ಪಡಿ ತಂದೆವು. ಪಾಲಿಶ್ ಮಾಡಿದ ಕಲ್ಲು, ಹೊಳೆಯುವ ಟೈಲ್ಸ್ ಮಲೆನಾಡಿನ ಅಂಗಳಕ್ಕೆ ಖಂಡಿತ ಬೇಡ. ಅಂಗಡಿಯಲ್ಲಿ ಎಷ್ಟು ಚಂದ ಕಂಡರೂ ಬೇಡ.

ದಾರಿಯ ಅಗಲ 3 ಅಡಿ. ಒಬ್ಬರು ವಾಕರ್ ಹಿಡಿದು ನಡೆಯಬೇಕು, ಪಕ್ಕದಲ್ಲಿ ಇನ್ನೊಬ್ಬರು ತೋಳು ಹಿಡಿಯಬೇಕು. ಎರಡು ಅಡಿಯ ದಾರಿಯಲ್ಲಿ ಅದು ಆಗುವುದಿಲ್ಲ. ತುಳಸಿಕಟ್ಟೆಯ ಸುತ್ತ ಮಾತ್ರ ಬಿಡಿ ಬಿಡಿ ಕಲ್ಲು ಇಟ್ಟಿದ್ದೇವೆ. ಆ ಕಲ್ಲುಗಳ ಅಂತರಕ್ಕೆ ಅಂಗಳದಲ್ಲಿ ಅತ್ತೆಯನ್ನೇ ನಡೆಸಿ ಅಳೆದೆವು. 14 ಇಂಚು ಬಂತು. ಮೇಸ್ತ್ರಿ 18 ಇಂಚು ಇಡೋಣ ಎಂದಿದ್ದರು. ಹಾಗೆ ಮಾಡಿದ್ದರೆ ನನಗೆ ಸರಿಯಾಗುತ್ತಿತ್ತು, ಅವರಿಗೆ ಆಗುತ್ತಿರಲಿಲ್ಲ.

ಕಲ್ಲು ಹಾಸುವ ಕ್ರಮ ಹೀಗೆ. ಚಪ್ಪಡಿಯ ದಪ್ಪಕ್ಕಿಂತ 3 ಇಂಚು ಹೆಚ್ಚು ಆಳ ತೋಡಿ. ನೆಲವನ್ನು ದಿಮ್ಮಸಿನಿಂದ ಬಡಿಯಿರಿ. ಬಡಿದ ಮೇಲೂ 3 ಇಂಚಿಗಿಂತ ಒಂದು ಬೆರಳು ಹೆಚ್ಚು ಉಳಿಯುವಷ್ಟು ಜಲ್ಲಿಪುಡಿ ಹಾಕಿ, ನೀರು ಚಿಮುಕಿಸಿ, ಇನ್ನೊಮ್ಮೆ ಬಡಿದು ಕಲ್ಲು ಕೂರಿಸಿ. ಕಲ್ಲು ನೆಲಕ್ಕಿಂತ ಒಂದು ಬೆರಳು ಎತ್ತರ ಇರಲಿ, ಒಂದು ಬದಿಗೆ ಸ್ವಲ್ಪವೇ ವಾಲಿರಲಿ. ನಾಲ್ಕು ಮೂಲೆ ಮೇಲೂ ನಿಂತು ನೋಡಿ. ಅಲುಗಿದರೆ ಎತ್ತಿ ಮತ್ತೆ ಕೂರಿಸಿ. ಈ ಕೆಲಸವನ್ನು ಏಪ್ರಿಲ್ ಒಳಗೆ ಮುಗಿಸಿ. ಮಳೆ ಶುರುವಾದ ಮೇಲೆ ಹಾಸಿದ ಕಲ್ಲು ಗಟ್ಟಿಯಾಗಿ ಕೂರುವುದಿಲ್ಲ.

ಪಾಚಿ ಕರಿಕಲ್ಲಿನ ಮೇಲೂ ಬರುತ್ತದೆ. ಬ್ಲೀಚಿಂಗ್ ಪೌಡರ್ ಹಾಕುವವರು ಇದ್ದಾರೆ. ಅದರ ನೀರು ಪಕ್ಕದ ಮಡಿಗೆ ಹರಿದು ಒಂದು ಸಾಲು ಕರ್ಣಕುಂಡಲ ಸುಟ್ಟುಹೋದ ಮೇಲೆ ನಾನು ಬಿಟ್ಟೆ. ವಾರಕ್ಕೊಮ್ಮೆ ಮಳೆ ಹೊಳವಾದಾಗ ತಂತಿ ಬ್ರಷ್‌ನಲ್ಲಿ ಉಜ್ಜುತ್ತೇವೆ, ಹತ್ತು ನಿಮಿಷದ ಕೆಲಸ. ಉಳಿದ ಅಂಗಳಕ್ಕೆ ನಮ್ಮ ಹಳೇ ಪದ್ಧತಿಯೇ: ಮಳೆಗಾಲ ಪೂರ್ತಿ ಅಡಿಕೆ ಸೋಗೆ ಹಾಸುವುದು. ಮಣ್ಣು ಕೊಚ್ಚಿ ಹೋಗುವುದಿಲ್ಲ, ಕಾಲು ಜಾರುವುದಿಲ್ಲ. ಅಂಗಳಕ್ಕೆ ಸಿಮೆಂಟ್ ಹಾಕಿಸಿದವರ ಮನೆಯಲ್ಲಿ ಬೇಸಿಗೆಯ ಕಾವು ಜಗಲಿಗೆ ಹೊಡೆಯುವುದನ್ನು ನೋಡಿದ್ದೇನೆ. ಅಡಿಕೆ ಒಣಗಿಸಲು ಬೇಕು ಎನ್ನುವವರು ಅಷ್ಟು ಜಾಗಕ್ಕೆ ಮಾತ್ರ ಹಾಕಿಸಿ, ಉಳಿದದ್ದನ್ನು ಮಣ್ಣಾಗಿಯೇ ಬಿಡಿ.

ಡೇರೆ

ಈಗ ಹೂವಿಗೆ ಬರುತ್ತೇನೆ. ಮಲೆನಾಡಿನ ಮಳೆಗಾಲಕ್ಕೆ ಡೇರೆಯಂಥ ಹೂ ಇನ್ನೊಂದಿಲ್ಲ. ಇದು ಮೂಲದಲ್ಲಿ ಮೆಕ್ಸಿಕೋದ ಎತ್ತರದ ಬೆಟ್ಟಗಳ ಗಿಡ. ಅಲ್ಲಿಯ ರಾಷ್ಟ್ರೀಯ ಹೂವು. ತಂಪು ಹವೆ ಬೇಕು ಅದಕ್ಕೆ, ನಮ್ಮ ಮಳೆಗಾಲದ ತಂಪು ಹಿಡಿಸಿತು. ನಮ್ಮ ಕಡೆಯ ಹೆಂಗಸರು ಗಡ್ಡೆಯನ್ನು ತವರಿಂದ ಗಂಡನ ಮನೆಗೆ, ಅಲ್ಲಿಂದ ನಾದಿನಿಯ ಮನೆಗೆ ಸಾಗಿಸಿ ಊರು ತುಂಬಾ ಹಬ್ಬಿಸಿದರು. ನನ್ನಲ್ಲಿ ಇಪ್ಪತ್ತಮೂರು ಬಗೆ ಇವೆ. ದುಡ್ಡು ಕೊಟ್ಟು ತಂದದ್ದು ಮೂರು ಮಾತ್ರ.

ಗಡ್ಡೆ ತೆಗೆದುಕೊಳ್ಳುವಾಗ ಒಂದು ವಿಷಯ ಗೊತ್ತಿರಬೇಕು. ಡೇರೆಯ ಕಣ್ಣು ಗಡ್ಡೆಯ ಮೈಮೇಲೆ ಇರುವುದಿಲ್ಲ. ಗಡ್ಡೆ ಕಾಂಡಕ್ಕೆ ಸೇರುವ ಕುತ್ತಿಗೆಯಲ್ಲಿ ಇರುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಗೊಂಚಲು ಬಿಡಿಸುವಾಗ ಪ್ರತಿ ಗಡ್ಡೆಯ ಜೊತೆ ಹಳೇ ಕಾಂಡದ ಒಂದು ಚೂರು ಬರುವಂತೆ ಚೂರಿಯಿಂದ ಕೊಯ್ಯಿರಿ. ಕೊಯ್ದ ಜಾಗಕ್ಕೆ ಒಲೆಬೂದಿ ಹಚ್ಚಿ ಒಂದು ದಿನ ನೆರಳಲ್ಲಿ ಬಿಡಿ.

ನೆಡುವುದು ಮೃಗಶಿರ ಮಳೆ ಹಿಡಿದಾಗ, ಅಂದರೆ ಜೂನ್ ಮೊದಲ ವಾರ ಕಳೆದ ಮೇಲೆ. ಏರುಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಬೇಕು. ಹಸಿ ಸಗಣಿ ಹಾಕಿದರೆ ಗಡ್ಡೆ ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಎತ್ತರದ ಜಾತಿಗೆ ಎರಡು ಅಡಿ. ಗಡ್ಡೆಯನ್ನು ಅಡ್ಡ ಮಲಗಿಸಿ ಮೇಲೆ 4 ಇಂಚು ಮಣ್ಣು. ಆಧಾರದ ಕೋಲನ್ನು ಅದೇ ದಿನ ನೆಡಿ. ಆಮೇಲೆ ಚುಚ್ಚಿದರೆ ಕೋಲು ಗಡ್ಡೆಯೊಳಗೇ ಹೋಗುತ್ತದೆ. ಅಡಿಕೆ ದಬ್ಬೆಯನ್ನು ಒಂದೂವರೆ ಇಂಚಿನ ಅಗಲಕ್ಕೆ ಸೀಳಿ ನಾಲ್ಕು ಅಡಿ ಕತ್ತರಿಸಿಕೊಂಡರೆ ಸಾಕು.

ಗಿಡಕ್ಕೆ ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಮೊದಲ ಸಲ ಚಿವುಟುವಾಗ ನನಗೆ ಮನಸ್ಸೇ ಬರಲಿಲ್ಲ. ಆದರೆ ಚಿವುಟದ ಗಿಡ ಒಂದೇ ಕಡ್ಡಿಯಾಗಿ ಮೇಲೆದ್ದು, ತುದಿಯಲ್ಲಿ ಒಂದು ಹೂ ಬಿಟ್ಟು, ಗಾಳಿಗೆ ಮುರಿಯುತ್ತದೆ. ಅದರ ಕಾಂಡ ಒಳಗೆ ಟೊಳ್ಳು. ಚಿವುಟಿದ ಗಿಡ ನಾಲ್ಕೈದು ಕವಲಾಗಿ ಪೊದೆಯಂತೆ ತುಂಬಿಕೊಳ್ಳುತ್ತದೆ. ಚಿವುಟಿದ ಕುಡಿಯನ್ನು ಎಸೆಯಬೇಡಿ. ಸ್ವಲ್ಪ ಉದ್ದವಾಗಿ ಕತ್ತರಿಸಿ ತೇವದ ಮರಳಲ್ಲಿ ಸೂರಿನ ಕೆಳಗೆ ಊರಿದರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಬಂದವರಿಗೆ ಕೊಡಲು ಅದೇ.

ಗಿಡ ಬೆಳೆದಂತೆ ಒಂದೊಂದು ಅಡಿಗೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಾ ಹೋಗಿ. ಪ್ಲಾಸ್ಟಿಕ್ ದಾರ ಕಾಂಡವನ್ನು ಕೊಯ್ಯುತ್ತದೆ. ಮಳೆ ಸುರಿಯುವಾಗ ಗೊಬ್ಬರ ಹಾಕಬೇಡಿ, ಎಲ್ಲಾ ತೋಟಕ್ಕೆ ತೊಳೆದು ಹೋಗುತ್ತದೆ. ಹೊಳವಾದಾಗ ಬುಡಕ್ಕೊಂದು ಮುಷ್ಟಿ ಹಾಕಿ ಮಣ್ಣೇರಿಸಿ. ನೆಟ್ಟು ಎರಡು ಎರಡೂವರೆ ತಿಂಗಳಿಗೆ ಹೂ ಶುರು. ಗೌರಿ ಹಬ್ಬದ ಹೊತ್ತಿಗೆ ಅಂಗಳ ತುಂಬಿರುತ್ತದೆ. ಬಾಡಿದ ಹೂವನ್ನು ದಿನಾ ತೆಗೆಯುತ್ತಿದ್ದರೆ ದೀಪಾವಳಿಯವರೆಗೂ ಬಿಡುತ್ತಲೇ ಇರುತ್ತದೆ. ದೊಡ್ಡ ಹೂ ನೀರು ಹೀರಿ ಭಾರಕ್ಕೆ ತಲೆ ಬಾಗಿಸುತ್ತದೆ. ಅಂಥ ಜಾತಿಗಳನ್ನು ಗೊಬ್ಬರದ ಚೀಲದಲ್ಲಿ ನೆಟ್ಟು ಸೂರಿನ ಅಂಚಿಗೆ ಸಾಲಾಗಿ ಇಟ್ಟುಕೊಳ್ಳಿ. ಚೀಲದ ತಳಕ್ಕೆ ಆರೇಳು ತೂತು ಇರಲಿ.

ಡೇರೆಯ ದೊಡ್ಡ ಶತ್ರು ಬಸವನಹುಳು, ಅದರಲ್ಲೂ ಆ ದೊಡ್ಡ ಆಫ್ರಿಕನ್ ಜಾತಿ. ಒಂದೇ ರಾತ್ರಿಯಲ್ಲಿ ಎಳೆ ಚಿಗುರು ಪೂರ್ತಿ ಸವರಿಬಿಡುತ್ತದೆ. ಗಿಡದ ಸುತ್ತ ಬೂದಿ ಹಾಕಿ ಎನ್ನುತ್ತಾರೆ. ನಮ್ಮ ಮಳೆಗೆ ಬೂದಿ ಅರ್ಧ ಗಂಟೆ ನಿಲ್ಲುವುದಿಲ್ಲ. ನೆನೆಸಿದ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಟ್ಟು ಸಂಜೆ ಮಡಿಯ ಪಕ್ಕ ಹಾಸಿ. ಬೆಳಗ್ಗೆ ಎಲ್ಲಾ ಅದರಡಿ ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಜೂನ್, ಜುಲೈ ಎರಡು ತಿಂಗಳು ಬಿಡದೆ ಮಾಡಿದರೆ ಹೂ ಕಾಣುತ್ತೀರಿ.

ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ಮಣ್ಣು ಕೊಡವಿ, ನೆರಳಲ್ಲಿ ಆರಿಸಿ, ಒಣಮರಳು ತುಂಬಿದ ಡಬ್ಬದಲ್ಲಿಟ್ಟು ಅಟ್ಟಕ್ಕೆ ಏರಿಸಿ. ಹೂವಿದ್ದಾಗಲೇ ಬಣ್ಣದ ಗುರುತು ಹಾಕಬೇಕು. ನಾನು ಅಡಿಕೆ ಹಾಳೆಯ ಚೂರಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದು ಬುಡಕ್ಕೆ ಕಟ್ಟುತ್ತೇನೆ. ಒಣಗಿದ ಮೇಲೆ ಎಲ್ಲಾ ಗಡ್ಡೆಯೂ ಒಂದೇ ಥರ.

ಉಳಿದ ಗಿಡಗಳು

ಹೈಡ್ರೇಂಜಿಯಾ ನಮ್ಮಲ್ಲಿ ನೀಲಿ ಬರುತ್ತದೆ. ಕಾರಣ ನಮ್ಮ ಹುಳಿಮಣ್ಣು. ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುತ್ತದೆ, ಅದರಿಂದ ಹೂ ನೀಲಿಯಾಗುತ್ತದೆ. ಬಚ್ಚಲಿನ ಗೋಡೆಯ ಹತ್ತಿರ, ಸುಣ್ಣದ ನೀರು ಇಳಿದ ಜಾಗದಲ್ಲಿ ನೆಟ್ಟ ಅದೇ ಗಿಡದ ಕಡ್ಡಿ ಗುಲಾಬಿ ಬಣ್ಣ ಬಿಟ್ಟಿತು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದ್ದರೆ ಅದಕ್ಕೆ ಸುಖ. ಹೂ ಮುಗಿದ ಕೂಡಲೇ ಸವರಿ. ಚಳಿಗಾಲದಲ್ಲಿ ಕತ್ತರಿಸಿದರೆ ಮುಂದಿನ ವರ್ಷದ ಮೊಗ್ಗೇ ಹೋಗುತ್ತದೆ.

ಹಲಸಿನ ಮರದ ಕಾಂಡಕ್ಕೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಟ್ಟಿದ್ದೇನೆ. ಮಳೆಗಾಲದ ಬಾಗಿಲಲ್ಲಿ ಹೂ ಬಿಡುತ್ತದೆ, ತಿಳಿನೇರಳೆಯ ಜಡೆಯಂತೆ ಇಳಿಬೀಳುತ್ತದೆ. ಇದನ್ನು ಕಾಡಿನ ಮರದಿಂದ ಕೀಳಬೇಡಿ, ದಯವಿಟ್ಟು. ಈಗಲೇ ಕಡಿಮೆಯಾಗಿದೆ. ನನಗೆ ಸಿಕ್ಕಿದ್ದು ನಮ್ಮದೇ ಮಾವಿನ ಮರದ ಕೊಂಬೆ ಗಾಳಿಗೆ ಮುರಿದು ಬಿದ್ದಾಗ. ಬೇರಿಗೆ ಮಣ್ಣು ಮುಟ್ಟಿಸದೆ, ತೆಂಗಿನ ನಾರಿನಿಂದ ಒರಟು ತೊಗಟೆಗೆ ಬಿಗಿಯಾಗಿ ಕಟ್ಟಿದೆ. ಕೂತವರ ಕಣ್ಣಿನ ಮಟ್ಟಕ್ಕೆ, ಪೂರ್ವದ ಕಡೆಗೆ. ಬೇರು ಮರ ಹಿಡಿಯಲು ಎರಡು ವರ್ಷ ಹಿಡಿಯಿತು. ಮೂರನೇ ವರ್ಷ ಎರಡು ದಂಡೆ ಬಿಟ್ಟಿತು.

ದರೆಯ ಅಂಚಿಗೆ ರಥಪುಷ್ಪ. ಅದು ಅರಳಿದಾಗ ಚಿಟ್ಟೆಗಳ ಸಂತೆ. ಬೇಲಿಗೆ ಈಶ್ವರಿ ಬಳ್ಳಿ ಬಿಟ್ಟಿದ್ದೇವೆ. ನಮ್ಮ ರಾಜ್ಯದ ಚಿಟ್ಟೆ ಎಂದು ಘೋಷಿಸಿರುವ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಆ ಬಳ್ಳಿಯ ಜಾತಿಯ ಮೇಲೇ. ಕಪ್ಪು ರೆಕ್ಕೆ, ಕೆಳಗೆ ಹಳದಿ ಬಂಗಾರ, ಬಿಚ್ಚಿದರೆ ನನ್ನ ಅಂಗೈಗಿಂತ ಅಗಲ. ಅದು ನಿಧಾನವಾಗಿ ಅಂಗಳ ದಾಟುವುದನ್ನು ನೋಡಲು ಅತ್ತೆ ಕಾಫಿ ಲೋಟ ಕೆಳಗಿಡುತ್ತಾರೆ. ಬಳ್ಳಿಯ ಎಲೆಯನ್ನು ಹುಳು ತಿನ್ನುತ್ತದೆ. ತಿನ್ನಲಿ, ಔಷಧಿ ಹೊಡೆಯಬೇಡಿ.

ಹಳೇ ಕೊಟ್ಟಿಗೆಯ ಕಲ್ಲು ಮರಿಗೆಯನ್ನು ಅಂಗಳಕ್ಕೆ ತಂದು ನೀರು ತುಂಬಿ, ನಾಲ್ಕು ಗಪ್ಪಿ ಮೀನು ಬಿಟ್ಟೆವು. ಮೀನಿಲ್ಲದೆ ನೀರು ನಿಲ್ಲಿಸಬಾರದು, ಸೊಳ್ಳೆಯಾಗುತ್ತದೆ. ಹಕ್ಕಿಗೆ ಇಡುವ ಬೋಗುಣಿಯ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ತುಂಬಿ. ಪಿಕಳಾರ ಬಂದು ಮೀಯುತ್ತದೆ.

ಬೇಸಿಗೆಗೆ ಕಾಗದದ ಹೂ, ಅಬ್ಬಲಿಗೆ, ದುಂಡುಮಲ್ಲಿಗೆ. ಬಚ್ಚಲ ನೀರು ಬಾಳೆಗೆ ಮತ್ತು ಬಸಳೆ ಚಪ್ಪರಕ್ಕೆ. ಹೆಚ್ಚು ಹೇಳುವುದೇನಿಲ್ಲ.

ದರಗಿನ ಬಗ್ಗೆ ಮಾತ್ರ ಹೇಳಲೇಬೇಕು. ಬುಡಕ್ಕೆ ಒಣ ಎಲೆ ಮುಚ್ಚಿದರೆ ತೇವ ಉಳಿಯುತ್ತದೆ, ನಿಜ. ಆದರೆ ಚಳಿಗಾಲದಿಂದ ಮೇ ತಿಂಗಳವರೆಗೆ ಕಾಡಿನ ದರಗನ್ನು ಗುಡಿಸಿ ತರಬೇಡಿ. ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಆ ಕಾಲದಲ್ಲಿ ಅಲ್ಲೇ ಇರುತ್ತದೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಇವತ್ತಿಗೂ ಜೀವ ತೆಗೆಯುತ್ತದೆ. ಹೂಗಿಡಕ್ಕೆ ಅಂಗಳದ ಎಲೆ, ಅಡಿಕೆ ಸಿಪ್ಪೆ ಸಾಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಕೂರುವ ಜಾಗ, ಸಂಜೆಯ ಬೆಳಕು

ಮಳೆ ನಿಂತ ಮೇಲೆ ಕೂರಲು ರಂಜದ ಮರದ ಕೆಳಗೆ ಒಂದು ಕಲ್ಲುಬೆಂಚು ಮಾಡಿದೆವು. ಎರಡು ಜಂಬಿಟ್ಟಿಗೆ ಕಂಬ, ಮೇಲೆ ಚಪ್ಪಡಿ. ಎತ್ತರ ಒಂದೂವರೆ ಅಡಿ. ಅದಕ್ಕಿಂತ ತಗ್ಗಾದರೆ ವಯಸ್ಸಾದವರಿಗೆ ಏಳಲು ಕಷ್ಟ. ಒಂದು ತುದಿಗೆ ಹಿಡಿದು ಏಳಲು ಗಟ್ಟಿಯಾದ ಕಬ್ಬಿಣದ ಪೈಪ್ ಹುಗಿಸಿದ್ದೇವೆ. ತೆಂಗಿನ ಮರದಡಿ, ಹಲಸಿನ ಮರದಡಿ ಬೆಂಚು ಹಾಕಬಾರದು, ಕಾಯಿ ಬೀಳುತ್ತದೆ. ಬೆಂಚಿನ ಸುತ್ತ ನಾಲ್ಕು ಅಡಿ ಹುಲ್ಲು ಸವರಿಡಿ. ಉಂಬಳಕ್ಕೂ (ಜಿಗಣೆ) ಹಾವಿಗೂ ಮರೆ ಇರಬಾರದು. ಬೆಂಚಿಗೆ ಹೋಗುವ ತಿರುವಿನಲ್ಲಿ ಮಜ್ಜಿಗೆ ಹುಲ್ಲು ನೆಟ್ಟಿದ್ದೇನೆ. ಸೀರೆಯ ಅಂಚು ತಾಗಿದರೆ ಪರಿಮಳ ಏಳುತ್ತದೆ.

ಜಗಲಿಗೆ ಎರಚಲು ಹೊಡೆಯದಂತೆ ಮಳೆಗಾಲದಲ್ಲಿ ತಟ್ಟಿ ಕಟ್ಟುತ್ತೇವಲ್ಲ, ಅದೇ ನೋಟವನ್ನು ಮುಚ್ಚಿಬಿಡುತ್ತದೆ. ಕುರ್ಚಿಯ ಎದುರು ಆರು ಅಡಿ ಜಾಗಕ್ಕೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಶೀಟು 
ಇಳಿಬಿಟ್ಟು, ಉಳಿದ ಕಡೆ ಸೋಗೆ ತಟ್ಟಿ ಕಟ್ಟುತ್ತೇವೆ. ಗಾಳಿ ಇಲ್ಲದಾಗ ಶೀಟು ಸುತ್ತಿ ಮೇಲಕ್ಕೆ ಕಟ್ಟಬಹುದು.

ದೀಪಗಳನ್ನು ತುಂಬಾ ಹಾಕಬೇಡಿ. ದಾರಿಯ ಮೇಲೆ ಬೀಳುವಂತೆ, ತಗ್ಗಿನಲ್ಲಿ, ಹಳದಿ ಬೆಳಕಿನ ಎರಡು ಬಲ್ಬು ಸಾಕು. ಮೇ ಕೊನೆಯಲ್ಲಿ, ಮಳೆಗೆ ಮುಂಚೆ, ದರೆಯ ಕೆಳಗೆ ಮಿಂಚುಹುಳಗಳು ಬರುತ್ತವೆ. ಆಗ ಅವೆರಡನ್ನೂ ಆರಿಸಿ ಕೂತುಕೊಳ್ಳಿ.

ಶಿವಮೊಗ್ಗದಲ್ಲಿ ಮಗಳ ಮನೆ 30×40 ಸೈಟಿನಲ್ಲಿದೆ. ಅಲ್ಲಿ ಮಳೆ ನಮ್ಮಲ್ಲಿಗಿಂತ ಬಹಳ ಕಡಿಮೆ, ಬಿಸಿಲು ಜಾಸ್ತಿ. ಅವಳಿಗೆ ಹೇಳಿದ್ದು ಇಷ್ಟು: ನಲವತ್ತು ಸಣ್ಣ ಕುಂಡ ಬೇಡ, ಎಂಟು ದೊಡ್ಡ ಕುಂಡ ಇಡು. ದೊಡ್ಡದರಲ್ಲಿ ತೇವ ಉಳಿಯುತ್ತದೆ. ಅಡುಗೆಮನೆಯ ಕಿಟಕಿಯಿಂದ ಕಾಣುವ ಗೋಡೆಗೆ ಜಾಜಿ ಹಬ್ಬಿಸು. ಅವಳು ದಿನಕ್ಕೆ ಮೂರು ಗಂಟೆ ನಿಲ್ಲುವುದು ಆ ಕಿಟಕಿಯ ಎದುರಿಗೇ.

ಮೊನ್ನೆ ಅಟ್ಟದಿಂದ ಡಬ್ಬ ಇಳಿಸಿದೆ. ಗಡ್ಡೆಗಳ ಕುತ್ತಿಗೆಯಲ್ಲಿ ಸಾಸಿವೆಯಷ್ಟು ಚಿಗುರು ಬಂದಿದೆ. ಅತ್ತೆ ಕುರ್ಚಿಯಲ್ಲಿ ಕೂತೇ ಹಾಳೆಯ ಚೂರುಗಳನ್ನು ಓದಿಸಿಕೊಂಡು ಬೇರೆ ಬೇರೆ ಮಾಡಿಸಿದರು. ಈ ಸಲ ಎದುರಿನ ಸಾಲಿಗೆ ಆರು ಬಿಳಿ, ನಾಲ್ಕು ಹಳದಿ. ದಬ್ಬೆ ಸೀಳಿ ಆಗಿದೆ. ಮೃಗಶಿರ ಹುಟ್ಟಲು ಇನ್ನು ಐದು ದಿನ.